ದಿನಕ್ಕೆ 50 ಗ್ರಾಂ: ಹಡಗಿನ ಮೇಲೆ ಆರು ರಾತ್ರಿ

ಟಿಕೆಟ್ ಬುಕ್ ಆದ ದಿನವೇ ನಮ್ಮವರು ಒಂದು ಷರತ್ತು ಹಾಕಿದರು. "ಆರು ರಾತ್ರಿ ಹಡಗಿನಲ್ಲಿ ಆರಾಮಾಗಿ ಇರೋಣ. ನಿನ್ನ ಆ ಲೆಕ್ಕದ ಪುಸ್ತಕ ಮಾತ್ರ ಮನೆಯಲ್ಲೇ ಇರಲಿ." ನಾನು ಹೂಂ ಅಂದೆ. ಆಮೇಲೆ ಪುಸ್ತಕವನ್ನು ಸ್ವೆಟರ್ ಒಳಗೆ ಸುತ್ತಿ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಪಕ್ಕದಲ್ಲೇ ಗ್ಲುಕೋಮೀಟರ್.

ನನಗೆ ಶುಗರ್ ಬಂದು ಮೂರು ವರ್ಷ. ಎಂಟು ತಿಂಗಳಿಂದ ದಿನಕ್ಕೆ 50 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆ) ದಾಟದ ಹಾಗೆ ಊಟ ಮಾಡುತ್ತಿದ್ದೇನೆ. ಒಂದು ಕಪ್ ಅನ್ನದಲ್ಲೇ 45 ಗ್ರಾಂ ಹೋಗಿಬಿಡುತ್ತದೆ ಅಂದರೆ 50 ಎಷ್ಟು ಕಡಿಮೆ ಅಂತ ಅಂದಾಜು ಸಿಗಬಹುದು. ಹೊರಡುವ ಮುಂಚೆ ಡಾಕ್ಟರನ್ನು ಕಂಡು ಬಂದೆ. ನಾನು ತಗೊಳ್ಳುವುದು ಮೆಟ್‌ಫಾರ್ಮಿನ್ ಒಂದೇ, ಅದು ತಾನಾಗಿ ಶುಗರನ್ನು ಪಾತಾಳಕ್ಕೆ ಇಳಿಸುವುದಿಲ್ಲ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತರಹದ ಮಾತ್ರೆ ಇರುವವರು ಸುಮ್ನೆ ಕಾರ್ಬ್ ಕಡಿಮೆ ಮಾಡಿದರೆ ಶುಗರ್ ಕುಸಿಯುತ್ತದೆ, ಸಮುದ್ರದ ಮಧ್ಯೆ ಅದು ತಮಾಷೆ ಅಲ್ಲ. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗೂ ಲೋ ಕಾರ್ಬ್‌ಗೂ ಆಗಿಬರುವುದಿಲ್ಲ ಅಂತಲೂ ಡಾಕ್ಟರು ಹೇಳಿದರು. ಆ ಜೋಡಿಯಲ್ಲಿ ಶುಗರ್ ನಾರ್ಮಲ್ ಇದ್ದರೂ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗುವಾಗ ಹುಟ್ಟುವ ಆಮ್ಲ) ಏರಿ ಆಸ್ಪತ್ರೆ ಸೇರುವ ಹಾಗಾಗಬಹುದಂತೆ.

ಮೊದಲ ದಿನ, ಭಾನುವಾರ: ಮಿಯಾಮಿ

ಮಧ್ಯಾಹ್ನ ಹನ್ನೆರಡೂವರೆಗೆ ಹಡಗು ಹತ್ತಿದೆವು. ಬಾಗಿಲಲ್ಲೇ ಒಬ್ಬ ಹುಡುಗಿ ಟ್ರೇ ಹಿಡಿದು ನಿಂತಿದ್ದಳು. ಕಿತ್ತಳೆ ಬಣ್ಣದ ಪಾನೀಯ, ಮೇಲೆ ಪುಟ್ಟ ಕಾಗದದ ಕೊಡೆ. ನನ್ನ ಕೈ ಆಗಲೇ ಮುಂದೆ ಹೋಗಿತ್ತು. ಬಾಯಾರಿಕೆ ಏನಿರಲಿಲ್ಲ. ಯಾರಾದರೂ ನಗುತ್ತಾ ಕೊಟ್ಟರೆ ಕೈ ತಾನಾಗಿ ಚಾಚಿಕೊಳ್ಳುತ್ತದೆ, ಅಲ್ವಾ? ಅಷ್ಟರಲ್ಲಿ ಅವಳು ರೂಮಿನ ಕಾರ್ಡ್ ಕೇಳಿದಳು. ಇದು ಟಿಕೆಟ್‌ನಲ್ಲಿ ಸೇರಿಲ್ಲ ಅಂತ ಆಗ ಗೊತ್ತಾಯಿತು. ಕೈ ವಾಪಸ್ ಬಂತು. ಮೊದಲ 30-40 ಗ್ರಾಂ ಸಕ್ಕರೆಯಿಂದ ನನ್ನನ್ನು ಉಳಿಸಿದ್ದು ಮನಸ್ಸಿನ ಗಟ್ಟಿತನ ಅಲ್ಲ, ಜಿಪುಣತನ.

ರೂಮು ಇನ್ನೂ ಸಿದ್ಧವಾಗಿರಲಿಲ್ಲ. ಹಾಗಾಗಿ ಹತ್ತಿದವರೆಲ್ಲ ಕೈಚೀಲದ ಸಮೇತ ಮೇಲಿನ ಡೆಕ್‌ನ ಬಫೆಗೆ ನುಗ್ಗಿದ್ದರು. ನಮ್ಮವರು ತಟ್ಟೆ ಎತ್ತಿಕೊಂಡರು. ನಾನು ತಟ್ಟೆ ಇಲ್ಲದೆ ಒಂದು ಸುತ್ತು ಹಾಕಿದೆ. ಇದೊಂದು ಅಭ್ಯಾಸ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ತಟ್ಟೆ ಕೈಯಲ್ಲಿದ್ದರೆ ಮೊದಲು ಸಿಕ್ಕಿದ್ದು ಅದರೊಳಗೆ ಬೀಳುತ್ತದೆ. ಬಫೆಯಲ್ಲಿ ಮೊದಲು ಸಿಗುವುದು ಬ್ರೆಡ್ಡು, ಪಾಸ್ತಾ, ಆಲೂಗಡ್ಡೆ. ಮಾಂಸ ಕತ್ತರಿಸಿ ಕೊಡುವವನು ಯಾವಾಗಲೂ ಕೊನೆಯಲ್ಲಿ, ಅವನ ಮುಂದೆ ಉದ್ದ ಸಾಲು. ನಾನು ಹಿಂದಿನಿಂದ ಶುರು ಮಾಡಿದೆ. ಹುರಿದ ಕೋಳಿ, ಸೊಪ್ಪಿನ ಸಲಾಡ್, ಆಲಿವ್ ಎಣ್ಣೆ, ಒಂದಿಷ್ಟು ಚೀಸ್. ಹೊಟ್ಟೆ ತುಂಬಿತು.

ಹಡಗು ಹೊರಡುವ ಮುಂಚೆ ಸುರಕ್ಷತೆಯ ಕವಾಯತು. ಲೈಫ್ ಜಾಕೆಟ್ ಎಲ್ಲಿದೆ, ಯಾವ ದೋಣಿ ನಿಮ್ಮದು ಅಂತ ಹೇಳಿಕೊಡುತ್ತಾರೆ. ಆರು ದಿನದಲ್ಲಿ ಯಾರೂ ತಿನ್ನಲು ಏನೂ ಕೊಡದ ಅರ್ಧ ಗಂಟೆ ಅದೊಂದೇ.

ರಾತ್ರಿ ಡೈನಿಂಗ್ ಹಾಲ್. ನಮ್ಮ ಟೇಬಲ್ಲಿನ ವೇಟರ್ ಫಿಲಿಪೀನ್ಸ್‌ನ ಹುಡುಗ, ಚುರುಕು. ಕೂತ ಮರುಕ್ಷಣ ಬುಟ್ಟಿ ಬಂತು. ಬಿಳಿ ಬಟ್ಟೆಯ ಮಡಿಕೆ ಬಿಡಿಸಿದರೆ ಹಬೆ. ನಾಲ್ಕು ತರಹದ ಬ್ರೆಡ್. ಒಂದರ ಮೇಲೆ ಎಳ್ಳು, ಒಂದರಲ್ಲಿ ಒಣದ್ರಾಕ್ಷಿ, ಒಂದು ಮುಟ್ಟಿದರೆ ಪುಡಿಯಾಗುವ ಹಾಗೆ ಗರಿಗರಿ. ಪಕ್ಕದಲ್ಲಿ ಹೂವಿನ ಹಾಗೆ ಸುರುಳಿ ಮಾಡಿದ ಬೆಣ್ಣೆ. "ಬುಟ್ಟಿ ಬೇಡ" ಅಂದೆ ನಾನು. "ಇರಲಿ ಇರಲಿ" ಅಂದರು ನಮ್ಮವರು. ಹುಡುಗ ಇಬ್ಬರ ಮುಖವನ್ನೂ ನೋಡಿ ಬುಟ್ಟಿಯನ್ನು ಅವರ ಆಚೆ ಮೊಣಕೈ ಪಕ್ಕ ಇಟ್ಟ. ಬೆಣ್ಣೆ ನನ್ನ ಕಡೆಗೆ.

ಆಮೇಲೆ ಅವನಿಗೆ ನೇರವಾಗಿ ಹೇಳಿದೆ. ಸಕ್ಕರೆ ಕಾಯಿಲೆ ಇದೆ, ಅನ್ನ, ಬ್ರೆಡ್, ಪಾಸ್ತಾ, ಆಲೂಗಡ್ಡೆ ಬೇಡ, ಬದಲಿಗೆ ತರಕಾರಿ ಕೊಡಿ, ಸಾಸ್ ಬೇರೆ ಬಟ್ಟಲಲ್ಲಿ ಇರಲಿ. ಅವನಿಗೆ ಇದು ದಿನದ ಮಾತು. ಸ್ಟಾರ್ಟರ್ ಎರಡು ಕೇಳಿದರೂ ಬೇಸರ ಇಲ್ಲ, ಕೊಡುತ್ತಾರೆ. ತಣ್ಣನೆಯ ಸಿಗಡಿ ಬಂತು. ಜೊತೆಗಿದ್ದ ಕೆಂಪು ಸಾಸ್ ಅರ್ಧಕ್ಕರ್ಧ ಕೆಚಪ್, ಅದನ್ನು ಬಿಟ್ಟು ನಿಂಬೆಹಣ್ಣು ಹಿಂಡಿಕೊಂಡೆ. ಸಾಲ್ಮನ್ ಮೀನಿನ ಪಕ್ಕ ಆಲೂಗಡ್ಡೆ ಇರಬೇಕಾದ ಜಾಗದಲ್ಲಿ ಬ್ರೊಕೋಲಿ. ಊಟ ಮುಗಿಯುವ ಹೊತ್ತಿಗೆ ಹೆಡ್ ವೇಟರ್ ನಾಳೆಯ ಮೆನು ತಂದು ಕೊಟ್ಟು, ಏನು ಬೇಕೋ ಈಗಲೇ ಗುರುತು ಹಾಕಿ, ಅಡುಗೆಮನೆಗೆ ಹೇಳಿಡುತ್ತೇನೆ ಅಂದರು. ಹಸಿವೇ ಇಲ್ಲದ ಹೊತ್ತಿನಲ್ಲಿ ನಾಳೆಯ ಊಟ ಆರಿಸುವುದು ಎಷ್ಟು ಸುಲಭ!

ರೂಮಿಗೆ ಬಂದರೆ ಹಾಸಿಗೆ ಮೇಲೆ ಟವೆಲ್‌ನಲ್ಲಿ ಮಾಡಿದ ಆನೆ, ಎರಡು ದಿಂಬಿನ ಮೇಲೆ ಎರಡು ಚಾಕೊಲೇಟ್. ಎರಡನ್ನೂ ನಮ್ಮವರು ತಿಂದರು. ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು ಅಂತಾರಲ್ಲ. ಹಡಗಿನಲ್ಲಿ ಅದಕ್ಕಿಂತ ಕಷ್ಟ. ಇಲ್ಲಿ ಪುಕ್ಕಟೆ ಅಲ್ಲ, ಮೊದಲೇ ಕೊಟ್ಟಾಗಿದೆ. ಕೊಟ್ಟಿದ್ದು ವಸೂಲಾಗಬೇಕು ಅಂತ ಹೊಟ್ಟೆಯೊಳಗೆ ಒಬ್ಬ ಶಾನುಭೋಗ ಕೂತಿರುತ್ತಾನೆ.

ಎರಡನೇ ದಿನ, ಸೋಮವಾರ: ಸಮುದ್ರ

ಇಡೀ ದಿನ ನೀರು. ಬೆಳಿಗ್ಗೆ ಶುಗರ್ 112. ಖುಷಿಯಲ್ಲಿ ತಿಂಡಿಗೆ ಹೋದೆ. ಮೊಟ್ಟೆಗಿಂತ ಒಳ್ಳೆಯ ಸ್ನೇಹಿತ ಇಲ್ಲ, ಒಂದರಲ್ಲಿ ಒಂದು ಗ್ರಾಂ ಕಾರ್ಬೂ ಇರುವುದಿಲ್ಲ. ಆಮ್ಲೆಟ್ ಮಾಡುವವನ ಮುಂದೆ ಇಪ್ಪತ್ತು ಜನ, ಪಕ್ಕದ ಟ್ರೇಯಲ್ಲಿ ಕಲಕಿದ ಮೊಟ್ಟೆ ರಾಶಿ ಬಿದ್ದಿತ್ತು. ಸೌಟು ಹಾಕುವ ಮುಂಚೆ ಸುಮ್ನೆ ಕೇಳಿದೆ. "ಇದು ಈಗ ಒಡೆದ ಮೊಟ್ಟೆ ಅಲ್ಲ ಮೇಡಂ, ಪ್ಯಾಕೆಟ್‌ನಿಂದ ಸುರಿಯೋದು. ಗಂಟೆಗಟ್ಟಲೆ ಬಿಸಿಯಲ್ಲಿ ಇಟ್ಟರೂ ನೀರು ಬಿಡಬಾರದು ಅಂತ ಸ್ವಲ್ಪ ಪಿಷ್ಟ ಸೇರಿರುತ್ತೆ" ಅಂದ ಅಡುಗೆಯವನು. ನಾನು ಸಾಲಿನಲ್ಲಿ ಹೋಗಿ ನಿಂತೆ. ಕಣ್ಣೆದುರೇ ಮೂರು ಮೊಟ್ಟೆ ಒಡೆದು, ಅಣಬೆ, ಪಾಲಕ್, ಚೀಸ್ ಹಾಕಿ ಮಡಚಿ ಕೊಟ್ಟ. ಸಾಸೇಜ್‌ನಲ್ಲೂ ಕೆಲವು ಕಡೆ ಬ್ರೆಡ್ ಪುಡಿ ಸೇರಿಸುತ್ತಾರೆ, ಅದನ್ನು ಬಿಟ್ಟೆ. ಜ್ಯೂಸ್ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಲೋಟ ಕಿತ್ತಳೆ ರಸದಲ್ಲಿ 26 ಗ್ರಾಂ, ಅಂದರೆ ಅರ್ಧ ದಿನದ ಲೆಕ್ಕ ಮೂರು ಗುಟುಕಿಗೆ ಮುಗಿದ ಹಾಗೆ.

ಇಷ್ಟೆಲ್ಲ ಜಾಣತನ ಮಾಡಿದವಳು ರಾತ್ರಿ ಮೂರ್ಖಳಾದೆ.

ಅವತ್ತು ಎಲ್ಲರೂ ಚೆನ್ನಾಗಿ ಉಡುಪು ಹಾಕಿಕೊಂಡು ಬರುವ ರಾತ್ರಿ. ಲಾಬ್‌ಸ್ಟರ್ ಇತ್ತು, ಕರಗಿಸಿದ ಬೆಣ್ಣೆಯ ಬಟ್ಟಲಿತ್ತು, ನನ್ನ ಮಟ್ಟಿಗೆ ಸ್ವರ್ಗ. ಸಿಹಿಯ ಮೆನುವಿನಲ್ಲಿ ಒಂದು ಚಾಕೊಲೇಟ್ ಕೇಕ್‌ನ ಪಕ್ಕ "ಸಕ್ಕರೆ ಸೇರಿಸಿಲ್ಲ" ಅಂತ ಇತ್ತು. ಎಂಟು ತಿಂಗಳಿಂದ ಕೇಕ್ ಮುಟ್ಟಿರಲಿಲ್ಲ. ಸಕ್ಕರೆ ಇಲ್ಲ ಅಂದ ಮೇಲೆ ಇನ್ನೇನು? ತರಿಸಿದೆ, ತಿಂದೆ, ತಟ್ಟೆಯ ಅಂಚಿನ ಸಾಸನ್ನೂ ಚಮಚದಲ್ಲಿ ಬಳಿದೆ. ಎರಡು ಗಂಟೆ ಬಿಟ್ಟು ಬೆರಳಿಗೆ ಸೂಜಿ ಚುಚ್ಚಿದರೆ 187.

ಸಕ್ಕರೆ ಹಾಕಿರಲಿಲ್ಲ, ಸುಳ್ಳು ಏನಿಲ್ಲ. ಆದರೆ ಕೇಕ್ ಅಂದ ಮೇಲೆ ಮೈದಾ ಇದೆಯಲ್ಲ! ಮೈದಾದ ಪಿಷ್ಟ ಹೊಟ್ಟೆಯಲ್ಲಿ ಒಡೆದು ಗ್ಲುಕೋಸ್ ಆಗುತ್ತದೆ, ಸಕ್ಕರೆ ಇರಲಿ ಬಿಡಲಿ. ಸಿಹಿಗೆ ಹಾಕಿದ್ದು ಮಾಲ್ಟಿಟಾಲ್ ಅಂತ ಮಾರನೇ ದಿನ ಹುಡುಗ ವಿಚಾರಿಸಿಕೊಂಡು ಬಂದು ಹೇಳಿದ. ಅದು ಅರ್ಧಂಬರ್ಧ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಕರುಳಿನಲ್ಲಿ ಕೂತು ನೀರು ಎಳೆದುಕೊಳ್ಳುತ್ತದೆ. ಆ ಉಳಿದದ್ದರ ಗುಡುಗು ರಾತ್ರಿ ಒಂದು ಗಂಟೆಯವರೆಗೆ ನಡೆಯಿತು. ಪಕ್ಕದಲ್ಲಿ ನಮ್ಮವರು ಎರಡು ಪ್ಲೇಟ್ ಟಿರಾಮಿಸು ತಿಂದು ಗೊರಕೆ ಹೊಡೆಯುತ್ತಿದ್ದರು.

ಮೂರನೇ ದಿನ, ಮಂಗಳವಾರ: ಓಚೋ ರಿಯೋಸ್, ಜಮೈಕಾ

ಹಡಗಿನಿಂದ ಹಣ್ಣು, ಮಾಂಸ, ಮೊಟ್ಟೆ ಕೆಳಗೆ ಒಯ್ಯುವ ಹಾಗಿಲ್ಲ. ಕೃಷಿ ಇಲಾಖೆಯ ನಿಯಮ, ಕೀಟ ಮತ್ತು ರೋಗ ಒಂದು ದೇಶದಿಂದ ಇನ್ನೊಂದಕ್ಕೆ ಹೋಗಬಾರದು ಅಂತ. ಮನೆಯಿಂದ ತಂದಿದ್ದ ಬಾದಾಮಿಯ ಸೀಲ್ ಆದ ಪ್ಯಾಕೆಟ್ ಚೀಲಕ್ಕೆ ಹಾಕಿಕೊಂಡೆ. ಒಂದು ಹಿಡಿಯಲ್ಲಿ ಆರು ಗ್ರಾಂ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಾರು.

ಡನ್ಸ್ ರಿವರ್ ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಸಮುದ್ರದ ದಂಡೆಯಲ್ಲೇ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಸುಮಾರು 180 ಮೀಟರ್ ಉದ್ದ, 55 ಮೀಟರ್ ಎತ್ತರ. ಗೊತ್ತಿಲ್ಲದವರ ಕೈ ಹಿಡಿದು ಸರಪಳಿ ಮಾಡಿಕೊಂಡು ಹತ್ತುತ್ತೀರಿ. ನನ್ನ ಎಡಗೈ ನಮ್ಮವರ ಕೈಯಲ್ಲಿ, ಬಲಗೈ ಒಬ್ಬ ದಢೂತಿ ಅಜ್ಜನ ಕೈಯಲ್ಲಿ. ಅಜ್ಜ ಎರಡು ಸಲ ಜಾರಿದರು, ನಾನು ಒಂದು ಸಲ.

ಮೇಲೆ ಬಂದಾಗ ಹೊಗೆಯ ವಾಸನೆ. ಜರ್ಕ್ ಚಿಕನ್. ಪಿಮೆಂಟೋ ಮರದ ಕಟ್ಟಿಗೆಯ ಮೇಲೆ ಕೋಳಿಯನ್ನು ನಿಧಾನವಾಗಿ ಸುಡುತ್ತಾರೆ, ಮಸಾಲೆಗೆ ಸ್ಕಾಚ್ ಬಾನೆಟ್ ಮೆಣಸಿನಕಾಯಿ. ಕಣ್ಣಲ್ಲಿ ನೀರು ಬರುವಷ್ಟು ಖಾರ. ಕೆಲವರು ಮಸಾಲೆಗೆ ಸ್ವಲ್ಪ ಕಂದು ಸಕ್ಕರೆ ಹಾಕುವುದುಂಟು, ಅಷ್ಟಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಮಾರುವ ಹೆಂಗಸು ಜೊತೆಗೆ ಎರಡು ಫೆಸ್ಟಿವಲ್ ಇಟ್ಟಳು, ಎಣ್ಣೆಯಲ್ಲಿ ಕರಿದ ಸಿಹಿ ಹಿಟ್ಟಿನ ಉದ್ದುದ್ದ ತುಂಡು. ಬೇಡ ಅಂದರೆ ಅವಳ ಮುಖ ಸಣ್ಣಗಾಯಿತು. ನಮ್ಮವರ ತಟ್ಟೆಗೆ ಹಾಕಿಸಿದೆ. ಅವಳ ಮುಖ ಅರಳಿತು, ಇವರದ್ದೂ.

ಸಂಜೆ ಹಡಗಿಗೆ ಬಂದ ಮೇಲೆ ತಲೆ ಸಿಡಿಯತೊಡಗಿತು. ಬಿಸಿಲು ಅಂದುಕೊಂಡು ನೀರು ಕುಡಿದೆ, ಇನ್ನೂ ಜಾಸ್ತಿ ಆಯಿತು. ಆಮೇಲೆ ಹೊಳೆಯಿತು. ಕಾರ್ಬ್ ಕಡಿಮೆ ತಿಂದರೆ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳದೆ ಹೊರಗೆ ಬಿಡುತ್ತದೆ. ಅದರ ಮೇಲೆ ದಿನವಿಡೀ ಬೆವರು, ಬರೀ ನೀರು. ರಾತ್ರಿ ಹುಡುಗನಿಗೆ ಹೇಳಿ ದೊಡ್ಡ ಬಟ್ಟಲಲ್ಲಿ ಬರೀ ತಿಳಿ ಸೂಪ್ ತರಿಸಿಕೊಂಡೆ, ನೂಡಲ್ಸ್ ಇಲ್ಲದ್ದು. ಉಪ್ಪು ಉದುರಿಸಿ ಕುಡಿದೆ. ಅರ್ಧ ಗಂಟೆಯಲ್ಲಿ ತಲೆ ತಿಳಿಯಾಯಿತು. ನನಗೆ ಬಿಪಿ ಇಲ್ಲ, ಹಾಗಾಗಿ ಧೈರ್ಯ. ಇರುವವರು ಉಪ್ಪಿನ ವಿಷಯವನ್ನೂ ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಲಿ.

ನಾಲ್ಕನೇ ದಿನ, ಬುಧವಾರ: ಗ್ರಾಂಡ್ ಕೇಮನ್

ಇಲ್ಲಿ ದೊಡ್ಡ ಹಡಗು ದಡಕ್ಕೆ ಹತ್ತುವುದಿಲ್ಲ. ಸಣ್ಣ ದೋಣಿಗಳಲ್ಲಿ ಜಾರ್ಜ್ ಟೌನ್‌ಗೆ ಕರೆದೊಯ್ಯುತ್ತಾರೆ. ಅಲ್ಲಿಂದ ಇನ್ನೊಂದು ದೋಣಿ ಹಿಡಿದು ಸ್ಟಿಂಗ್‌ರೇ ಮೀನುಗಳ ಮರಳು ದಿಬ್ಬಕ್ಕೆ ಹೋದೆವು. ಸೊಂಟದ ಮಟ್ಟದ ನೀರು, ಸುತ್ತ ಅಗಲವಾದ ಬೂದು ಮೀನುಗಳು ಕಂಬಳಿ ಹಾಸಿದ ಹಾಗೆ ತೇಲುತ್ತಾ ಬಂದು ಕಾಲು ಸವರುತ್ತವೆ. ಹಿಂದೆ ಮೀನುಗಾರರು ಇದೇ ಶಾಂತ ನೀರಿನಲ್ಲಿ ದೋಣಿ ನಿಲ್ಲಿಸಿ ಮೀನು ಕೊಯ್ದು, ಬೇಡದ್ದನ್ನು ನೀರಿಗೆ ಎಸೆಯುತ್ತಿದ್ದರಂತೆ. ಇವು ತಿನ್ನಲು ಬಂದವು. ಈಗ ದೋಣಿಯ ಇಂಜಿನ್ ಸದ್ದಿಗೇ ಬರುತ್ತವೆ, ಹಸಿದಿರಲಿ ಬಿಡಲಿ. ನಾನು ನಮ್ಮವರ ಮುಖ ನೋಡಿದೆ. ಅವರು ಕೈಗಡಿಯಾರ ನೋಡುತ್ತಿದ್ದರು, ಹಡಗಿನ ಪಿಜ್ಜಾ ಕೌಂಟರ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ ಅಂತ.

ದಡದಲ್ಲಿ ಅಂಗಡಿಯವರು ರಮ್ ಕೇಕ್‌ನ ಚೂರುಗಳನ್ನು ಹಲ್ಲುಕಡ್ಡಿಗೆ ಚುಚ್ಚಿ ಕೊಡುತ್ತಿದ್ದರು. ಎರಡೂ ಕೈಯಲ್ಲಿ ಒದ್ದೆ ಚಪ್ಪಲಿ ಹಿಡಿದುಕೊಂಡು ದಾಟಿಬಿಟ್ಟೆ.

ಐದನೇ ದಿನ, ಗುರುವಾರ: ಕೊಜುಮೆಲ್, ಮೆಕ್ಸಿಕೊ

ಸಮುದ್ರದ ಪಕ್ಕದ ಹೋಟೆಲಿನಲ್ಲಿ ಕೂರುವ ಮುಂಚೆಯೇ ಚಿಪ್ಸ್ ಬುಟ್ಟಿ ಬಂತು. ಇಲ್ಲಿಯ ಬ್ರೆಡ್ ಬುಟ್ಟಿ ಇದೇ ನೋಡಿ, ಮೆಕ್ಕೆಜೋಳದ್ದು. ಆದರೆ ಜೊತೆಗೆ ಬಂದ ಗ್ವಾಕಮೋಲೆ, ಅಂದರೆ ಬೆಣ್ಣೆಹಣ್ಣಿನ ಚಟ್ನಿ, ನನ್ನ ಪಾಲಿನದು. ಬೆಣ್ಣೆಹಣ್ಣಿನಲ್ಲಿ ಕೊಬ್ಬೂ ನಾರೂ ಜಾಸ್ತಿ, ಅರ್ಧ ಹಣ್ಣಿನಲ್ಲಿ ನಾರು ಕಳೆದರೆ ಉಳಿಯುವ ಕಾರ್ಬ್ ಎರಡೇ ಗ್ರಾಂ. ಸೌತೆಕಾಯಿ ಬಿಲ್ಲೆ ಕೇಳಿದೆ, ಅದರಲ್ಲಿ ಎತ್ತಿ ಎತ್ತಿ ತಿಂದೆ. ಸುಟ್ಟ ಮೀನಿಗೆ ಟೊಮೆಟೊ ಸಾಲ್ಸಾ. ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಒಂದೇ ಒಂದು ತಗೊಂಡೆ, 12 ಗ್ರಾಂ ಅಂತ ಪುಸ್ತಕದಲ್ಲಿ ಬರೆದೆ. ಅಷ್ಟು ಹೊತ್ತಿಗೆ ಪುಸ್ತಕದ ಗುಟ್ಟು ರಟ್ಟಾಗಿತ್ತು, ನಮ್ಮವರೇ ಪೆನ್ನು ಕೊಟ್ಟರು.

ಅವರು ಮಾರ್ಗರೀಟಾ ಕುಡಿದರು. ಟಕೀಲಾದಲ್ಲಿ ಕಾರ್ಬ್ ಇಲ್ಲ, ಅದರಲ್ಲಿ ಬೆರೆಸುವ ಹಸಿರು ಸಿಹಿಯಲ್ಲಿ ಇರುವುದೆಲ್ಲ ಅದೇ. ನಾನು ಸೋಡಾಗೆ ನಿಂಬೆ ಹಿಂಡಿಕೊಂಡೆ.

ಆರನೇ ದಿನ, ಶುಕ್ರವಾರ: ಸಮುದ್ರ, ಅದೂ ಎಂಥ ಸಮುದ್ರ

ಬೆಳಿಗ್ಗೆ ಜಿಮ್‌ಗೆ ಹೋಗಿ ತೂಕದ ಯಂತ್ರದ ಮೇಲೆ ನಿಂತೆ. 66. ನೋಡುತ್ತಿದ್ದ ಹಾಗೆ 69. ಆಮೇಲೆ 65. ಹಡಗು ಏಳುವಾಗ ನಾನು ಭಾರ, ಇಳಿಯುವಾಗ ಹಗುರ. ಹೊರಗೆ ಉತ್ತರದ ಗಾಳಿ ಬೀಸುತ್ತಿತ್ತು. ಗಲ್ಫ್ ಸ್ಟ್ರೀಮ್ ಪ್ರವಾಹ ಇಲ್ಲಿ ಎದುರು ದಿಕ್ಕಿಗೆ ಹರಿಯುತ್ತದೆ. ಗಾಳಿಯೂ ನೀರೂ ಹಾಗೆ ಎದುರಾಬದುರಾ ಆದರೆ ಅಲೆಗಳು ಒತ್ತೊತ್ತಾಗಿ ಕಡಿದಾಗಿ ಏಳುತ್ತವೆ. ಹತ್ತು ಗಂಟೆಗೆ ನಾನು ಹಾಸಿಗೆ ಹಿಡಿದೆ.

ವಾಂತಿಗೆ ಹಡಗಿನವರ ಮದ್ದು ಏನು ಗೊತ್ತಾ? ಹಸಿರು ಸೇಬು, ಉಪ್ಪಿನ ಬಿಸ್ಕೆಟ್, ಜಿಂಜರ್ ಏಲ್ ಅನ್ನುವ ಶುಂಠಿಯ ಸಿಹಿ ಸೋಡಾ. ಮೂರೂ ಕಾರ್ಬ್! ರೂಮು ನೋಡಿಕೊಳ್ಳುವ ಹೆಂಗಸು ಎರಡು ಸೇಬು, ಒಂದು ಪೊಟ್ಟಣ ಬಿಸ್ಕೆಟ್, ಒಂದು ಕ್ಯಾನ್ ತಂದು ತಲೆಯ ಹತ್ತಿರ ಇಟ್ಟರು. ಕ್ಯಾನ್‌ನಲ್ಲಿ 32 ಗ್ರಾಂ ಸಕ್ಕರೆ, ಅದನ್ನು ವಾಪಸ್ ಕೊಟ್ಟು ಬಿಸಿನೀರಿಗೆ ಶುಂಠಿ ಜಜ್ಜಿ ಹಾಕಿಸಿಕೊಂಡೆ. ಉಳಿದದ್ದನ್ನು ತಿಂದೆ. ನಾಲ್ಕು ಬಿಸ್ಕೆಟ್, ಅರ್ಧ ಸೇಬು, ಚೂರು ಚೂರಾಗಿ. ಹೊಟ್ಟೆಯಲ್ಲಿ ಏನೂ ನಿಲ್ಲದ ಹೊತ್ತಿನಲ್ಲಿ ವ್ರತ ಹಿಡಿದು ಕೂರುವವಳು ನಾನಲ್ಲ. ಮೇಲಾಗಿ ವಾಂತಿ, ಉಪವಾಸ, ಶುಗರ್ ಮಾತ್ರೆ ಒಟ್ಟಿಗೆ ಸೇರುವುದು ಒಳ್ಳೆಯದಲ್ಲ. ಹಡಗಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಹೊಟ್ಟೆ ಸರಿಯಾಗುವವರೆಗೆ ಮೆಟ್‌ಫಾರ್ಮಿನ್ ಬೇಡ ಅಂದರು. ಮಧ್ಯಾಹ್ನ ಶುಗರ್ 134. ಕೇಕ್‌ನ ರಾತ್ರಿಗಿಂತ ಎಷ್ಟೋ ವಾಸಿ.

ಸಂಜೆಗೆ ಗಾಳಿ ಇಳಿಯಿತು, ನಾನು ಎದ್ದೆ. ಕೊನೆಯ ರಾತ್ರಿ ಡೈನಿಂಗ್ ಹಾಲ್‌ನಲ್ಲಿ ದೀಪ ಆರಿಸಿ, ವೇಟರ್‌ಗಳೆಲ್ಲ ಬೇಕ್ಡ್ ಅಲಾಸ್ಕಾ ಹೊತ್ತು ಕುಣಿಯುತ್ತಾ ಮೆರವಣಿಗೆ ಬಂದರು. ಒಳಗೆ ಐಸ್‌ಕ್ರೀಂ, ಹೊರಗೆ ನೊರೆಯ ಹಾಗೆ ಬಡಿದ ಮೊಟ್ಟೆಯ ಬಿಳಿ ಮತ್ತು ಸಕ್ಕರೆ. ಜನ ನ್ಯಾಪ್‌ಕಿನ್ ಗಿರಗಿರ ತಿರುಗಿಸುತ್ತಿದ್ದರು, ನಾನೂ ತಿರುಗಿಸಿದೆ. ಮೆರವಣಿಗೆ ಮುಗಿದ ಮೇಲೆ ಎಲ್ಲರ ಮುಂದೆ ಒಂದೊಂದು ಹೋಳು ಇಟ್ಟುಕೊಂಡು ಬಂದ ನಮ್ಮ ಹುಡುಗ, ನನ್ನ ಮುಂದೆ ಬೇರೆ ತಟ್ಟೆ ಇಟ್ಟ. ಮೂರು ತರಹದ ಚೀಸ್, ಆರು ವಾಲ್ನಟ್, ನಾಲ್ಕು ಸ್ಟ್ರಾಬೆರಿ ತೆಳ್ಳಗೆ ಕತ್ತರಿಸಿ ಬೀಸಣಿಗೆಯ ಹಾಗೆ ಹರಡಿದ್ದು. ನಾನು ಕೇಳಿರಲಿಲ್ಲ. ಆಗ ನೋಡಿದೆ, ಟೇಬಲ್ಲಿನ ಮೇಲೆ ಬ್ರೆಡ್ ಬುಟ್ಟಿಯೂ ಇರಲಿಲ್ಲ. ಯಾವತ್ತಿನಿಂದ ತರುವುದು ಬಿಟ್ಟನೋ, ನಮ್ಮವರೂ ಗಮನಿಸಿರಲಿಲ್ಲ.

ಅವರ ತಟ್ಟೆಯಿಂದ ಅಲಾಸ್ಕಾ ಒಂದು ಚಮಚ ತಿಂದೆ. ಪುಸ್ತಕದಲ್ಲಿ ಬರೆದಿಲ್ಲ.

ಏಳನೇ ದಿನ, ಶನಿವಾರ: ಮತ್ತೆ ಮಿಯಾಮಿ

ಬೆಳಿಗ್ಗೆ ಇಳಿಯುವ ಸಾಲಿನಲ್ಲಿ ನಿಂತಾಗ ಕೈಚೀಲದಲ್ಲಿ ಏನೋ ದುಂಡಗೆ ತಾಗಿತು. ನಿನ್ನೆಯ ಇನ್ನೊಂದು ಸೇಬು. ಹಡಗಿನ ಹಣ್ಣು ಹೊರಗೆ ತರಬೇಡಿ ಅಂತ ಮೈಕಿನಲ್ಲಿ ಆಗಿನಿಂದ ಕೂಗುತ್ತಿದ್ದರು. ಎಸೆಯಲು ಮನಸ್ಸು ಬರಲಿಲ್ಲ. ಸೇಬನ್ನು ನಮ್ಮವರ ಕೈಗೆ ಕೊಟ್ಟೆ. ಅವರು ಪ್ಯಾಂಟಿಗೆ ಒರೆಸಿ ಬಾಯಿಯ ಹತ್ತಿರ ತಗೊಂಡು ಹೋದವರು ನಿಂತರು. ಆರು ದಿನದಲ್ಲಿ ಮೊದಲ ಸಲ ಕೇಳಿದರು, "ಇದರಲ್ಲಿ ಎಷ್ಟು?"

"25."

ಸೇಬನ್ನು ಒಮ್ಮೆ, ತಮ್ಮ ಬೆಲ್ಟನ್ನು ಒಮ್ಮೆ ನೋಡಿದರು. ಬೆಲ್ಟು ಬಂದಾಗ ಇದ್ದದ್ದಕ್ಕಿಂತ ಒಂದು ತೂತು ಮುಂದೆ ಬಂದಿತ್ತು. "ಅರ್ಧ ನಿನಗೆ" ಅಂದರು. ಸಾಲು ಕಸ್ಟಮ್ಸ್ ಬಾಗಿಲು ಮುಟ್ಟುವಷ್ಟರಲ್ಲಿ ಇಬ್ಬರೂ ಸೇರಿ ಮುಗಿಸಿದೆವು, ಬೀಜದ ದಿಂಡನ್ನು ನಾನು ಕಸದ ಡಬ್ಬಕ್ಕೆ ಹಾಕಿದೆ.